ಕೆರ್ಕಿರಾ ಎಂಬ ಕಿರಿಕಿರಿ

ನನಗೆ ಈಜು ಬರುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ. ಮೊಣಕಾಲು ಮುಳುಗುವಷ್ಟು ನೀರಿಗಿಳಿದರೂ ನನ್ನ ಕೈ ತಾನಾಗಿ ಹೆಂಡತಿಯ ಭುಜವನ್ನು ಹುಡುಕುತ್ತದೆ. ಅಂಥ ನಾನು, ಐವತ್ತರ ಅಂಚಿನಲ್ಲಿ, ಸುತ್ತಲೂ ಸಮುದ್ರವೇ ಇರುವ ಒಂದು ತುಂಡು ನೆಲದ ಮೇಲೆ ಏಳು ದಿನ ಕಳೆಯುವುದು ಹೇಗೆಂದು ಐದು ತಿಂಗಳು ತಲೆ ಕೆಡಿಸಿಕೊಂಡೆ. ಸಮುದ್ರವೇ ಬೇಕಾಗಿದ್ದರೆ ಟೆಕ್ಸಾಸಿನ ಪೇರ್‌ಲ್ಯಾಂಡಿನ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ಕಾರಿನಲ್ಲಿ ಹೋದರೆ ಗ್ಯಾಲ್ವೆಸ್ಟನ್ ಇತ್ತು. ಅದೂ ದ್ವೀಪವೇ. ಅಲ್ಲಿನ ನೀರು ಬೆಲ್ಲದ ಪಾನಕದ ಬಣ್ಣಕ್ಕಿದ್ದರೂ ಉಪ್ಪಿಗೇನೂ ಕೊರತೆ ಇರಲಿಲ್ಲ. ಆದರೆ ನಮಗೆ ಬೇಕಾಗಿದ್ದದ್ದು ಗ್ರೀಸ್ ದೇಶದ ದ್ವೀಪ.

‘ನಮಗೆ’ ಅಂದೆನಲ್ಲ, ಆ ಬಹುವಚನದಲ್ಲಿ ನಾಲ್ಕು ಜನ ಇದ್ದೇವೆ. ನಾನು, ನನ್ನ ಹೆಂಡತಿ ಶಾರದಾ, ನನ್ನ ಗೆಳೆಯ ಗುರುನಾಥ, ಅವನ ಹೆಂಡತಿ ವಿಮಲಾ. ಗುರುನಾಥ ಧಾರವಾಡದವನು, ನಾನು ನಂಜನಗೂಡಿನವನು. ಆಸ್ಟಿನ್‌ನಲ್ಲಿ ಎಂ.ಎಸ್. ಓದುವಾಗ ಒಂದೇ ಕೋಣೆಯಲ್ಲಿದ್ದೆವು. ಭಾನುವಾರಗಳಂದು ದಿಂಬಿನ ಚೀಲದಲ್ಲಿ ವಾರದ ಕೊಳೆ ಬಟ್ಟೆ ತುಂಬಿಕೊಂಡು, ನಾಣ್ಯ ಹಾಕಿ ಒಗೆಯುವ ಅಂಗಡಿಗೆ ಹೋಗುತ್ತಿದ್ದೆವು. ಮಷೀನು ಬಟ್ಟೆ ತಿರುಗಿಸುವ ನಲವತ್ತು ನಿಮಿಷ ನೋಡಲಿಕ್ಕೆ ಅಲ್ಲಿ ಇದ್ದದ್ದು ಗೋಡೆಯ ಮೇಲಿನ ಒಂದು ಪೋಸ್ಟರ್ ಮಾತ್ರ. ಬಿಳಿ ಸುಣ್ಣದ ಗೋಡೆ, ನೀಲಿ ಬಾಗಿಲು, ಕೆಳಗೆ ಅದಕ್ಕಿಂತ ನೀಲಿಯ ಸಮುದ್ರ, ಮೆಟ್ಟಿಲ ಮೇಲೆ ಕೂತು ಯಾರಿಗೂ ಕ್ಯಾರೇ ಅನ್ನದ ಒಂದು ಬೆಕ್ಕು. ಅದನ್ನು ನೋಡಿ ನೋಡಿ ಒಂದು ದಿನ ಗುರುನಾಥ, “ಲೇ ಸೀನ್ಯಾ, ಯಾವಾಗರೆ ಅಲ್ಲಿ ಹೋಗಿ ಒಂದು ವಾರ ಏನೂ ಮಾಡದ ಸುಮ್ನ ಕೂಡೂಣಲೇ” ಅಂದ. ನಾನು ಹೂಂ ಅಂದೆ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಹೂಂ ಅನ್ನುವುದಕ್ಕೆ ಯೋಚನೆ ಬೇಕಾಗುವುದಿಲ್ಲ.

ದ್ವೀಪ ಅನ್ನುವ ಪದದ ಅರ್ಥ ‘ಎರಡು ಕಡೆ ನೀರಿರುವುದು’ ಎಂದು ಶಾಲೆಯಲ್ಲಿ ಸಂಸ್ಕೃತದ ಮೇಷ್ಟ್ರು ಹೇಳಿದ್ದರು. ನಾಲ್ಕೂ ಕಡೆ ನೀರಿರುವಾಗ ಎರಡೇ ಕಡೆಯನ್ನು ಲೆಕ್ಕಕ್ಕೆ ಹಿಡಿದದ್ದು ಯಾಕೋ ತಿಳಿಯದು. ಬಹುಶಃ ಆ ಪದ ಮಾಡಿದವನು ನದಿಯ ನಡುಗಡ್ಡೆ ನೋಡಿದ್ದನೇ ಹೊರತು ಸಮುದ್ರ ನೋಡಿರಲಿಲ್ಲ. ಅಥವಾ ಅವನಿಗೂ ನನ್ನ ಹಾಗೆ ಈಜು ಬಾರದೆ, ಎರಡು ಕಡೆ ನೋಡಿದ್ದೇ ಸಾಕೆನಿಸಿ ವಾಪಸು ಬಂದಿರಬಹುದು.

ಓದು ಮುಗಿದ ಮೇಲೆ ಇಬ್ಬರಿಗೂ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿತು. ಮದುವೆ, ಮಕ್ಕಳು ಎಲ್ಲ ಆಗಿ ಹತ್ತು ಹನ್ನೆರಡು ವರ್ಷ ಕಳೆದ ಮೇಲೆ, ಶಾರದೆಗೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸವಾದ್ದರಿಂದ ನಾವು ಪೇರ್‌ಲ್ಯಾಂಡಿನಲ್ಲಿ ಮನೆ ಕೊಂಡೆವು. ಆರು ತಿಂಗಳಲ್ಲಿ ಗುರುನಾಥನೂ ಎರಡು ಬೀದಿ ಆಚೆ ಮನೆ ಮಾಡಿದ. ನಮ್ಮಿಬ್ಬರ ಆಫೀಸುಗಳೂ ಊರಿನ ಇನ್ನೊಂದು ತುದಿಯಲ್ಲಿ ತೈಲ ಕಂಪನಿಗಳೇ ತುಂಬಿರುವ ಎನರ್ಜಿ ಕಾರಿಡಾರಿನಲ್ಲಿ, ಬೇರೆ ಬೇರೆ ಕಟ್ಟಡಗಳಲ್ಲಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಏಳು ವರ್ಷ ಒಟ್ಟಿಗೇ ಹೋಗಿ ಬಂದೆವು. ಒಂದು ವಾರ ನನ್ನ ಕಾರು, ಒಂದು ವಾರ ಅವನದು. ಅವನ ಕಾರಿನಲ್ಲಿ ಎ.ಸಿ. ಜಾಸ್ತಿ, ನನ್ನ ಕಾರಿನಲ್ಲಿ ಮಾತು ಜಾಸ್ತಿ ಎಂದು ಅವನ ದೂರು.

ಆಮೇಲೆ ಒಂದು ಮಾರ್ಚಿನಲ್ಲಿ ಗುರುನಾಥ, “ನನ್ನ ಟೈಮಿಂಗ್ ಬದಲಾಗ್ಯದಲೇ, ಇನ್ನ ಮ್ಯಾಲೆ ನಾ ಒಬ್ಬನ ಹೋಗ್ತೀನಿ” ಅಂದ. ಸರಿ ಅಂದೆ. ಎರಡು ತಿಂಗಳು ಕಳೆಯಿತು. ಮೇ ತಿಂಗಳ ಒಂದು ಶನಿವಾರ ಅವರ ಮನೆಯ ಮುಂದೆ ಸಾಮಾನು ಸಾಗಿಸುವ ದೊಡ್ಡ ಟ್ರಕ್ಕು ನಿಂತಿತ್ತು. ಡಾಲಸ್ ಕಡೆ ಇನ್ನೂ ಒಳ್ಳೆಯ ಕೆಲಸ ಸಿಕ್ಕಿದೆ, ಅಲೆನ್ ಅನ್ನುವ ಊರಿಗೆ ಶಿಫ್ಟ್ ಆಗುತ್ತಿದ್ದೇವೆ ಎಂದು ಅವನು ನನಗೆ ಹೇಳಿದ್ದು ಹಿಂದಿನ ಸಂಜೆ. ನಾನು ಅಭಿನಂದನೆ ಹೇಳಿದೆ. ಸೋಫಾದ ಒಂದು ತುದಿ ಹಿಡಿದು ಟ್ರಕ್ಕಿಗೆ ಏರಿಸಿಯೂ ಕೊಟ್ಟೆ. ಮನೆಗೆ ಬಂದು ಶಾರದೆಯ ಹತ್ತಿರ, “ಏಳು ವರ್ಷ ಪಕ್ಕದಲ್ಲಿ ಕೂರಿಸ್ಕೊಂಡು ಓಡಾಡಿದೀನಿ, ಒಂದು ಮಾತು ಮೊದಲೇ ಹೇಳೋಕ್ಕಾಗ್ಲಿಲ್ವಾ?” ಅಂದೆ. ಅವಳು, “ಅವ್ರನ್ನೇ ಕೇಳಿ” ಅಂದಳು. ಕೇಳಲಿಲ್ಲ. ಕೇಳಬೇಕಾದ್ದನ್ನು ಕೇಳದೆ ಬಿಡುವುದರಲ್ಲಿ ನಾನು ಬಹಳ ಪಳಗಿದವನು.

ಎರಡು ವರ್ಷ ಹಬ್ಬಕ್ಕೊಂದು ಫೋನು, ಹುಟ್ಟಿದ ಹಬ್ಬಕ್ಕೊಂದು ಈಮೇಲು ಅನ್ನುವ ಹಾಗೆ ನಡೆಯಿತು. ನಮ್ಮ ಮಗಳು ಮೇಘಾ ಆಸ್ಟಿನ್‌ನಲ್ಲಿ ಕಾಲೇಜು ಸೇರಿದಳು, ಅವರ ಮಗನೂ ಹಾಸ್ಟೆಲಿಗೆ ಹೋದ. ಜನವರಿಯ ಒಂದು ಬೆಳಿಗ್ಗೆ ಗುರುನಾಥ ಫೋನ್ ಮಾಡಿ ಪೀಠಿಕೆಯೇ ಇಲ್ಲದೆ, “ಸೀನ್ಯಾ, ಗ್ರೀಸ್‌ಗೆ ಹೋಗೂಣೇನು?” ಅಂದ. ನಾನು ಹೂಂ ಅಂದೆ. ನಲವತ್ತೆಂಟರಲ್ಲೂ ಯೋಚಿಸದೆ ಹೂಂ ಅನ್ನಬಲ್ಲೆನೆಂದು ನನಗೇ ಆಶ್ಚರ್ಯವಾಯಿತು. ಸೆಪ್ಟೆಂಬರಿನ ಮೊದಲ ವಾರ ಎಂದು ಆ ಫೋನಿನಲ್ಲೇ ನಿಶ್ಚಯವಾಯಿತು. ಯಾವ ದ್ವೀಪ ಅನ್ನುವುದು ಮಾತ್ರ ಉಳಿಯಿತು.

ಅದೇ ತಪ್ಪಾದದ್ದು. ಗ್ರೀಸ್ ದೇಶದವರು ಒಂದೆರಡು ದ್ವೀಪ ಇಟ್ಟುಕೊಂಡು ಸುಮ್ಮನಿರಬಾರದಿತ್ತೆ? ಭೂಪಟ ತೆರೆದರೆ ಯಾರೋ ಅವಲಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ. ನಾನು ಪೈಪ್‌ಲೈನ್ ಎಂಜಿನಿಯರು. ಕವಾಟ, ಅಂದರೆ ವಾಲ್ವು, ಯಾವ ಜಾಗದಲ್ಲಿ ಕೂರಬೇಕು ಎಂದು ತೀರ್ಮಾನಿಸಲು ನಮ್ಮಲ್ಲಿ ಒಂದು ಪದ್ಧತಿಯಿದೆ. ಅದರಂತೆ ಕಂಪ್ಯೂಟರಿನಲ್ಲಿ ಒಂದು ದೊಡ್ಡ ಕೋಷ್ಟಕ ಮಾಡಿದೆ. ಅಡ್ಡಸಾಲಿನಲ್ಲಿ ದ್ವೀಪಗಳು, ಕಂಬಸಾಲಿನಲ್ಲಿ ನಮ್ಮ ಬೇಕು ಬೇಡಗಳು. ಪ್ರತಿ ಶನಿವಾರ ಬೆಳಿಗ್ಗೆ ಕಾಫಿಯ ಹೊತ್ತಿಗೆ ಎರಡೂ ಮನೆಯ ಫೋನು ಸ್ಪೀಕರಿಗೆ ಹಾಕಿ ನಾಲ್ಕೂ ಜನ ಚರ್ಚಿಸುವುದೆಂದು ಗೊತ್ತಾಯಿತು.

ಮೊದಲ ಶನಿವಾರವೇ ಸ್ಯಾಂಟೊರಿನಿ ಬಿದ್ದುಹೋಯಿತು. ಪೋಸ್ಟರಿನಲ್ಲಿದ್ದದ್ದು ಅದೇ ಇರಬೇಕೆಂದು ನಾನು ಎಷ್ಟು ಹೇಳಿದರೂ, ಅಲ್ಲಿನ ಮೆಟ್ಟಿಲುಗಳ ಫೋಟೊ ನೋಡಿದ ಶಾರದಾ, “ಈ ಮಂಡಿ ಇಟ್ಕೊಂಡು ನಾನು ಅದನ್ನ ಹತ್ತಬೇಕಾ? ಬೇಕಾದ್ರೆ ನೀವು ಹತ್ತಿ, ನಾನು ಕೆಳಗೆ ಚಪ್ಪಲಿ ಕಾಯ್ತೀನಿ” ಅಂದಳು. ಮೈಕೊನೊಸ್‌ನಲ್ಲಿ ಕುಣಿತದ ಗದ್ದಲ ಜಾಸ್ತಿಯೆಂದು ಓದಿ ವಿಮಲಾ ಬೇಡವೆಂದರು. ಕ್ರೀಟ್ ಗುರುನಾಥನಿಗೆ ಒಪ್ಪಿಗೆಯಾಗಲಿಲ್ಲ. “ಅದೇನು ದ್ವೀಪಲೇ, ಅರ್ಧ ಕರ್ನಾಟಕ ಅದು. ದ್ವೀಪ ಅಂದ್ರ ಎಲ್ಲಿ ನಿಂತರೂ ಸಮುದ್ರ ಕಾಣಬೇಕು.” ಪಾರೊಸ್ ಎಂದರೆ ಅದರ ಪಕ್ಕ ಆ್ಯಂಟಿಪಾರೊಸ್ ಇದೆ. ಅದು ಪಾರೊಸ್‌ಗೆ ವಿರೋಧಿಯೋ ಸಂಬಂಧಿಯೋ ತಿಳಿಯದೆ ಎರಡು ವಾರ ಕಳೆದೆವು.

ಹಡಗಿನ ವೇಳಾಪಟ್ಟಿ ಹುಡುಕಿದರೆ ಅದು ಗ್ರೀಕ್ ಲಿಪಿಯಲ್ಲಿ ಇರುತ್ತಿತ್ತು. ಅಕ್ಷರಗಳೆಲ್ಲ ಪರಿಚಯದವೇ. ಸಿಗ್ಮಾ, ಲ್ಯಾಮ್ಡಾ, ರೋ, ಮ್ಯೂ. ಇಪ್ಪತ್ತೈದು ವರ್ಷ ಅವುಗಳ ಜೊತೆ ಏಗಿದ್ದೇನೆ. ಘರ್ಷಣೆಗೆ ಒಂದು, ಸಾಂದ್ರತೆಗೆ ಒಂದು, ಒತ್ತಡಕ್ಕೆ ಒಂದು. ಆದರೆ ಅವು ಒಟ್ಟಿಗೆ ಸಾಲಾಗಿ ನಿಂತು ಒಂದು ಊರಿನ ಹೆಸರಾದಾಗ ನನಗೆ ಕಾಣುತ್ತಿದ್ದದ್ದು ಬಿಡಿಸಲಾಗದ ಸಮೀಕರಣ. ಯಾರದೋ ಮದುವೆಗೆ ಹೋಗಿ, ಬಂದವರ ಮುಖಗಳೆಲ್ಲ ಗೊತ್ತಿದ್ದೂ ಅವರು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಗೊತ್ತಾಗದವನ ಪಾಡು ನನ್ನದು.

ಕೋಷ್ಟಕ ಬೆಳೆಯಿತು. ಮೆಟ್ಟಿಲು ಕಡಿಮೆ ಇರಬೇಕು. ಮರಗಿಡ ಇರಬೇಕು, ಟೆಕ್ಸಾಸಿನ ಬಿಸಿಲೇ ಸಾಕಾಗಿದೆ. ಸಮುದ್ರ ಆಳವಿರಬಾರದು (ಇದು ನನ್ನದು). ಮೊಟ್ಟೆಯೂ ತಿನ್ನದ ವಿಮಲಾ ಅವರಿಗೆ ಏಳು ದಿನ ಊಟ ಸಿಗಬೇಕು. ಏಪ್ರಿಲ್ ಕೊನೆಗೆ ನನ್ನ ಕೋಷ್ಟಕದಲ್ಲಿ ಮೂವತ್ತೊಂದು ದ್ವೀಪಗಳಿದ್ದವು. ಯಾವುದನ್ನೂ ನಾನು ಗುರುತು ಹಿಡಿಯಲಾರದ ಸ್ಥಿತಿಗೆ ಬಂದಿದ್ದೆ. ಆಫೀಸಿನ ಮೀಟಿಂಗಿನಲ್ಲಿ ಒಮ್ಮೆ ಕವಾಟದ ಹೆಸರು ಹೇಳುವ ಬದಲು ‘ನಾಕ್ಸೊಸ್’ ಅಂದೆ. ಯಾರೂ ತಿದ್ದಲಿಲ್ಲ. ಹೊಸ ಕಂಪನಿಯ ಕವಾಟ ಅಂದುಕೊಂಡರು.

ಮೇ ತಿಂಗಳ ಒಂದು ಬುಧವಾರ, ನಾನು ವಿಚಾರಿಸಿಟ್ಟಿದ್ದ ಟ್ರಾವೆಲ್ ಏಜೆಂಟ್ ಹೆಂಗಸು ಆಫೀಸಿಗೆ ಫೋನ್ ಮಾಡಿದಳು. ಕೋರ್ಫು ಎಂಬ ದ್ವೀಪ, ಹಸಿರು ತುಂಬಿದೆ, ಮೆಟ್ಟಿಲಿಲ್ಲ, ಮಕ್ಕಳು ಆಡುವಷ್ಟು ಕಡಿಮೆ ಆಳದ ನೀರು, ಹೋಟೆಲಿನಲ್ಲಿ ಎರಡೇ ಕೋಣೆ ಉಳಿದಿವೆ, ಇವತ್ತೇ ಹೇಳಬೇಕು ಅಂದಳು. ಕೋಷ್ಟಕದಲ್ಲಿ ನೋಡಿದೆ. ಹತ್ತೊಂಬತ್ತನೆಯ ಸಾಲು, ಎಲ್ಲ ಮನೆಗಳಲ್ಲೂ ಹೌದು ಹೌದು ಎಂದಿತ್ತು. ಕಾಯ್ದಿರಿಸಿಬಿಟ್ಟೆ. ಶನಿವಾರ ಎಲ್ಲರಿಗೂ ಹೇಳಿ ಬೆರಗು ಹುಟ್ಟಿಸಬೇಕೆಂದು ಶಾರದೆಗೂ ಹೇಳದೆ ಮೂರು ದಿನ ಬಾಯಿ ಬಿಗಿಹಿಡಿದೆ.

ಶನಿವಾರ ಫೋನ್ ಎತ್ತಿದರೆ ನನಗಿಂತ ಮೊದಲು ಗುರುನಾಥನೇ ಕೂಗಿದ. “ಲೇ, ಮುಗೀತಲೇ! ರೂಮು ಬುಕ್ ಮಾಡಿಬಿಟ್ಟೆ! ನಮ್ಮ ಆಫೀಸಿನ್ಯಾಗ ಒಬ್ಬಾಂವ ಹೋಗಿ ಬಂದಾನ. ಮನೀ ಮಾಲಕನ ಜೋಡಿ ನಾನ ಫೋನಿನ್ಯಾಗ ಮಾತಾಡೀನಿ. ಊರಿನ ಹೆಸರು ಕೆರ್ಕಿರಾ.”

“ಏನು ಕಿರಿಕಿರಿ?” ಅಂದೆ.

“ಕಿರಿಕಿರಿ ಅಲ್ಲಲೇ, ಕೆರ್ಕಿರಾ. ದ್ವೀಪದ ಹೆಸರು.”

ನನ್ನ ಕೋಷ್ಟಕದಲ್ಲಿ ಆ ಹೆಸರು ಇರಲಿಲ್ಲ. ಮೂವತ್ತೊಂದು ದ್ವೀಪಗಳನ್ನು ನಾಲ್ಕು ತಿಂಗಳು ಅಳೆದು ತೂಗಿ ಇಟ್ಟವನಿಗೆ, ಪಟ್ಟಿಯಲ್ಲೇ ಇಲ್ಲದ ಒಂದನ್ನು ಈತ ಎಲ್ಲಿಂದಲೋ ಹಿಡಿದುಕೊಂಡು ಬಂದಿದ್ದು ಸಹಿಸಲಾಗಲಿಲ್ಲ. ನಾನು ಆಗಲೇ ಕೋರ್ಫುವಿನಲ್ಲಿ ಕಾಯ್ದಿರಿಸಿರುವುದನ್ನು ಹೇಳಿದೆ. ಪಕ್ಕದಲ್ಲಿ ಶಾರದಾ ಲೋಟ ಕೆಳಗಿಟ್ಟ ಸದ್ದು.

“ಕೇಳದ ಬುಕ್ ಮಾಡಿದೇನು?” ಅಂದ ಗುರುನಾಥ.

“ನೀನು ಕೇಳಿ ಮಾಡಿದ್ಯಾ?”

“ನಾ ನಿಮ್ಮಿಬ್ಬರಿಗೂ ಸೇರಿಸಿ ಮಾಡೀನಿ.”

“ನಾನೂ ಸೇರಿಸೇ ಮಾಡಿದೀನಿ.”

ಇಲ್ಲಿಗೆ ನಿಲ್ಲಿಸಿದ್ದರೆ ಇಬ್ಬರೂ ನಕ್ಕುಬಿಡಬಹುದಾಗಿತ್ತು. ಆದರೆ ನನ್ನ ಬಾಯಿಂದ, “ಹೇಳದೆ ಕೇಳದೆ ಮಾಡೋದು ನಿನಗೇನು ಹೊಸದಾ ಬಿಡು” ಅನ್ನುವ ಮಾತು ಬಂತು. ನಾನು ದ್ವೀಪದ ವಿಷಯ ಹೇಳುತ್ತಿಲ್ಲ ಎಂದು ನಾಲ್ಕೂ ಜನರಿಗೆ ಗೊತ್ತಾಯಿತು. ಗುರುನಾಥ ನಿಧಾನವಾಗಿ, “ಆತ್ರಿ. ನೀವು ಕೋರ್ಫೂಕ್ಕ ಹೋಗಿ ಬರ್ರಿ. ನಾವು ನಮ್ಮದು ನೋಡ್ಕೋತೀವಿ” ಎಂದು ಫೋನಿಟ್ಟ.

ಓದುಗರಲ್ಲಿ ಧಾರವಾಡದ ಗೆಳೆಯರಿರುವವರಿಗೆ ಇದರ ಪೆಟ್ಟು ಅರ್ಥವಾದೀತು. ಅವನು ನನ್ನನ್ನು ‘ಲೇ’ ಎಂದಿದ್ದಾನೆ, ‘ಮಂಗ್ಯಾ’ ಎಂದಿದ್ದಾನೆ, ಒಮ್ಮೆ ನಾನು ಅನ್ನ ಸೀಯಿಸಿದಾಗ ಇಲ್ಲಿ ಬರೆಯಲಾಗದ ಇನ್ನೊಂದು ಮಾತನ್ನೂ ಎಂದಿದ್ದಾನೆ. ಇಪ್ಪತ್ತನಾಲ್ಕು ವರ್ಷಗಳಲ್ಲಿ ‘ರೀ’ ಎಂದಿರಲಿಲ್ಲ. ಮರ್ಯಾದೆ ಕೊಟ್ಟು ಅಷ್ಟು ದೂರ ತಳ್ಳಬಹುದೆಂದು ನನಗೆ ಅವತ್ತು ತಿಳಿಯಿತು.

ಅದೇ ಮಧ್ಯಾಹ್ನ ಅವನಿಂದ ಒಂದು ಈಮೇಲ್ ಬಂತು. ಒಳಗೆ ಒಕ್ಕಣೆ ಏನೂ ಇಲ್ಲ, ಕಾಯ್ದಿರಿಸಿದ ಕಾಗದ ಮಾತ್ರ. ಎರಡು ಕೋಣೆ. ಒಂದು ಅವನ ಹೆಸರಿನಲ್ಲಿ, ಇನ್ನೊಂದು ನನ್ನ ಹೆಸರಿನಲ್ಲಿ. ನಾನದನ್ನು ಪೂರ್ತಿ ಓದಲೂ ಇಲ್ಲ. ಶಾರದಾ ಪ್ರಿಂಟ್ ತೆಗೆದು, ನನ್ನ ಹೋಟೆಲಿನ ಕಾಗದದ ಜೊತೆ ಒಂದೇ ಫೈಲಿನಲ್ಲಿಟ್ಟಳು.

ಮೂರು ವಾರ ಫೋನಿಲ್ಲ. ಹೆಂಗಸರಿಬ್ಬರೂ ಮಾತಾಡಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿತ್ತು. ನಾನು ಅಡುಗೆಮನೆಗೆ ಕಾಲಿಟ್ಟ ತಕ್ಷಣ ಶಾರದೆಯ ಮಾತು ಮೆಂತ್ಯದ ಹಿಟ್ಟಿನ ಕಡೆ ತಿರುಗುತ್ತಿತ್ತು. ಶನಿವಾರಗಳಂದು ಕಾಫಿ ಕುಡಿದು ಏನು ಮಾಡಬೇಕೆಂದು ತೋಚದೆ, ನಾನು ಕೋರ್ಫುವಿನ ಸಾಲಿಗೆ ಹಳದಿ ಬಣ್ಣ ಹಚ್ಚಿದೆ. ಆಮೇಲೆ ಹಸಿರು ಹಚ್ಚಿದೆ. ನನ್ನದೇ ಸರಿಯೆಂದು ಅನಿಸುತ್ತಿತ್ತು. ಸರಿಯಾದವನು ಇಷ್ಟು ಬೇಜಾರಿನಲ್ಲಿರುವುದು ಯಾಕೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಮೇಘಾ ಆಸ್ಟಿನ್‌ನಲ್ಲಿ ಮನೆ ಬದಲಾಯಿಸಿದಳು. ಅವಳ ಪುಸ್ತಕ, ಮಿಕ್ಸಿ, ಒಂದು ಕಾಲು ಮುರಿದ ಮೇಜು ಸಾಗಿಸಲು ನಾವಿಬ್ಬರೂ ಶುಕ್ರವಾರ ರಜೆ ಹಾಕಿ ಹೋದೆವು. ಶನಿವಾರ ಬೆಳಿಗ್ಗೆ ಎಲ್ಲ ಸಾಮಾನು ಜೋಡಿಸಿ, ನೆಲದ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದಾಗ ಶಾರದಾ ತನ್ನ ಚೀಲದಿಂದ ಆ ಫೈಲು ತೆಗೆದಳು. “ಮೇಘಾ, ನೀನೇ ಹೇಳು. ಇದು ನಿಮ್ಮಪ್ಪ ಹಿಡಿದಿರೋ ಜಾಗ, ಇದು ಗುರು ಅಂಕಲ್ ಹಿಡಿದಿರೋದು. ಯಾವುದು ಚೆನ್ನಾಗಿದೆ? ಇಬ್ರೂ ಮಕ್ಕಳ ಥರ ಮಾತು ಬಿಟ್ಟು ಕೂತಿದಾರೆ.”

ಮೇಘಾ ಎಡಗೈಯಲ್ಲಿ ಎರಡೂ ಕಾಗದ ಹಿಡಿದು ನೋಡಿದಳು. ಚಿತ್ರಾನ್ನದ ಕೈ ಗಾಳಿಯಲ್ಲೇ ನಿಂತಿತು.

“ಅಪ್ಪಾ, ದಿಸ್ ಈಸ್ ದ ಸೇಮ್ ಏರ್‌ಪೋರ್ಟ್” ಅಂದಳು.

“ಯಾವುದು?”

“ಎರಡೂ. ಲುಕ್.” ಎರಡು ಕಾಗದಗಳ ಅಡಿಯಲ್ಲೂ ಸಣ್ಣ ಅಕ್ಷರದಲ್ಲಿ, ಇಳಿಯಬೇಕಾದ ವಿಮಾನ ನಿಲ್ದಾಣದ ಗುರುತು ಇತ್ತು. ಸಿ, ಎಫ್, ಯು. ಮೂರಕ್ಷರ. ಅವಳು ಕೈ ತೊಳೆದು ಬಂದು ಲ್ಯಾಪ್‌ಟಾಪ್ ತೆರೆದಳು. ಒಂದು ನಿಮಿಷವೂ ಆಗಲಿಲ್ಲ. ಕೋರ್ಫು ಅನ್ನುವುದು ಹೊರಗಿನವರು ಕರೆಯುವ ಹೆಸರಂತೆ. ಅಲ್ಲಿಯ ಜನ ತಮ್ಮ ದ್ವೀಪವನ್ನು ಕೆರ್ಕಿರಾ ಅನ್ನುತ್ತಾರಂತೆ. ಅವನು ಹಿಡಿದ ಮನೆಗೂ ನನ್ನ ಹೋಟೆಲಿಗೂ ನಡುವೆ ಎರಡು ಮೈಲಿ.

“ಅಪ್ಪಾ, ಡಿಡಂಟ್ ಯು ಗೈಸ್ ಚೆಕ್?” ಎಂದು ಮೇಘಾ ನಗಲು ಶುರುಮಾಡಿದಳು. ಶಾರದೆಯೂ ನಕ್ಕಳು. ಅವಳಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ನಾನೂ ನಗಬೇಕೆಂದು ಹೊರಟು, ಅರ್ಧದಲ್ಲೇ ಬಿಟ್ಟು ಆ ಎರಡು ಕಾಗದಗಳನ್ನು ಮತ್ತೆ ಕೈಗೆತ್ತಿಕೊಂಡೆ. ಮೂವತ್ತೊಂದು ದ್ವೀಪ ನಾನು ಹುಡುಕಿದೆ, ಎಷ್ಟೋ ಅವನೂ ಹುಡುಕಿರಬೇಕು. ಶಾರದೆಯ ಮಂಡಿ, ವಿಮಲಾ ಅವರ ಊಟ, ನನ್ನ ನೀರಿನ ಹೆದರಿಕೆ, ಎಲ್ಲವನ್ನೂ ಅವನೂ ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದ್ದರಿಂದಲೇ ಇಬ್ಬರೂ ಒಂದೇ ಜಾಗಕ್ಕೆ ಹೋಗಿ ನಿಂತಿದ್ದೆವು. ಅಲ್ಲಿಗೆ ಹೋಗಿ ನಿಂತ ಮೇಲೆ ಜಗಳವಾಡಿದ್ದೆವು.

“ಫೋನ್ ಮಾಡಿ” ಅಂದಳು ಶಾರದಾ.

“ಬೇಡ. ಹೋಗೋಣ” ಅಂದೆ.

ಆಸ್ಟಿನ್‌ನಿಂದ ಅಲೆನ್‌ಗೆ ಸುಮಾರು ನಾಲ್ಕು ಗಂಟೆಯ ದಾರಿ. ನಡುವೆ ವೆಸ್ಟ್ ಅನ್ನುವ ಊರು ಬರುತ್ತದೆ. ಹೆಸರು ವೆಸ್ಟ್ ಆದರೂ ಅದು ಟೆಕ್ಸಾಸಿನ ಪಶ್ಚಿಮದಲ್ಲಿಲ್ಲ. ಹೆಸರಿನ ಮೇಲೆ ನಂಬಿಕೆ ಇಡಬಾರದೆಂದು ಅವತ್ತು ಆಗಲೇ ಕಲಿತಿದ್ದ ನಾನು ಅಲ್ಲಿ ನಿಲ್ಲಿಸಿ, ಹಣ್ಣಿನ ಹೂರಣ ಇಟ್ಟ ಮೆತ್ತನೆಯ ಬನ್ನುಗಳ ಒಂದು ಡಬ್ಬಿ ಕಟ್ಟಿಸಿದೆ. ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳುವುದನ್ನು ಮರೆತು ಇಪ್ಪತ್ತು ಮೈಲಿ ಮುಂದೆ ಹೋದ ಮೇಲೆ ಶಾರದಾ ನೆನಪಿಸಿದಳು. ದಾರಿಯುದ್ದಕ್ಕೂ ನಾನು ಮಾತು ಅಭ್ಯಾಸ ಮಾಡಿದೆ. ಬಾಗಿಲು ತೆಗೆದ ತಕ್ಷಣ ಎರಡೂ ಕಾಗದ ಅವನ ಮುಖಕ್ಕೆ ಹಿಡಿದು, ‘ಲೇ ಗುರ್ಯಾ, ಕಣ್ಣು ಬಿಟ್ಟು ನೋಡು’ ಅನ್ನಬೇಕು. ಅವನು ಬೆಪ್ಪಾಗಬೇಕು. ಆಮೇಲೆ ಕಾಫಿ.

ಅವನು ಬಾಗಿಲು ತೆಗೆಯುವ ಪ್ರಶ್ನೆಯೇ ಬರಲಿಲ್ಲ. ಮನೆಯ ಮುಂದಿನ ಹುಲ್ಲಿಗೆ ಪೈಪು ಹಿಡಿದು ನೀರು ಬಿಡುತ್ತಿದ್ದ. ಬೀದಿಯ ಮನೆಗಳೆಲ್ಲ ಒಂದೇ ಥರ, ಗಿಡಗಳೆಲ್ಲ ಇನ್ನೂ ಕೋಲು ಕಟ್ಟಿಸಿಕೊಂಡು ನಿಂತ ಪುಟ್ಟ ಸಸಿಗಳು. ನಮ್ಮ ಕಾರು ನೋಡಿ ಅವನು ಪೈಪು ಕೆಳಗಿಟ್ಟ, ಆದರೆ ನಲ್ಲಿ ನಿಲ್ಲಿಸಲಿಲ್ಲ. ಮೊದಲು ಶಾರದೆಯ ಕಡೆ ನೋಡಿ, “ಬರ್ರಿ ವೈನಿ, ಆರಾಮ ಇದ್ದೀರೇನ್ರಿ?” ಅಂದ. ವಿಮಲಾ ಹೊರಗೆ ಬಂದು ಶಾರದೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನಾವಿಬ್ಬರೂ ಹುಲ್ಲಿನ ಮೇಲೆ ಉಳಿದೆವು. ನೀರು ನಮ್ಮ ಚಪ್ಪಲಿಯ ಕೆಳಗೆ ಹರಿಯುತ್ತಿತ್ತು.

ನಾನು ಕಾಗದ ತೆಗೆಯುವ ಮೊದಲೇ ಅವನು, “ನಾನ ಫೋನ್ ಮಾಡಾಂವಿದ್ದೆ. ನಮ್ಮ ಬುಕಿಂಗ್ ರದ್ದು ಮಾಡ್ತೀನಿ. ನೀ ಹೇಳಿದಲ್ಲೇ ಬರ್ತೀವಿ. ನಿಂದ ಖರೇ ಅದ, ಕೇಳದ ಮಾಡಬಾರದಿತ್ತು” ಅಂದ.

ಅಭ್ಯಾಸ ಮಾಡಿದ ಮಾತೆಲ್ಲ ಎಲ್ಲಿ ಹೋಯಿತೋ. ಬಾಯಿಗೆ ಬಂದದ್ದು ಬೇರೆಯೇ. “ದ್ವೀಪ ಹಾಳಾಗ್ಲಿ ಗುರು. ಹ್ಯೂಸ್ಟನ್ ಬಿಡುವಾಗ ಯಾಕೋ ಒಂದು ಮಾತು ಹೇಳ್ಲಿಲ್ಲ?”

ಗುರುನಾಥ ಬಗ್ಗಿ ಪೈಪು ಎತ್ತಿಕೊಂಡು, ಆಗಲೇ ಒದ್ದೆಯಾಗಿದ್ದ ಸಸಿಯೊಂದಕ್ಕೆ ಮತ್ತೆ ನೀರು ಬಿಟ್ಟ.

“ಕೆಲಸ ಹೋಗಿತ್ತಲೇ” ಅಂದ.

“ಯಾವಾಗ?”

“ಮಾರ್ಚಿನ್ಯಾಗ. ಟೈಮಿಂಗ್ ಬದಲಾತು ಅಂದ್ನಲ್ಲ, ಅವತ್ತ. ಪ್ರಾಜೆಕ್ಟ್ ನಿಂತುಹೋತು, ಹನ್ನೊಂದು ಮಂದೀನ್ನ ಕರದು ಹೇಳಿದರು. ಮೂರು ವಾರ ವಿಮಲಾಗೂ ಹೇಳಲಿಲ್ಲ. ಮುಂಜಾನೆ ಡಬ್ಬಿ ತಗೊಂಡು ಹೊರಡತಿದ್ದೆ.”

“ಎಲ್ಲಿಗೆ?”

“ಗ್ಯಾಲ್ವೆಸ್ಟನ್‌ಗೆ. ಅಷ್ಟೊತ್ತು ಕಾರಿನ್ಯಾಗ ಕೂತು ರೂಢಿ ಆಗಿತ್ತಲ್ಲ. ಸಮುದ್ರದ ಕಟ್ಟೀ ಮ್ಯಾಲೆ ಕೂತು ಅರ್ಜಿ ತುಂಬೋದು, ಡಬ್ಬಿ ತಿನ್ನೋದು, ಸಂಜೀಕೆ ಬರೋದು. ಎರಡು ತಿಂಗಳು. ನಿನ್ನ ಕಾರು ನಮ್ಮ ಬೀದಿ ದಾಟಿ ಹೋಗೂ ತನಕ ಒಳಗ ನಿಂತಿರ್ತಿದ್ದೆ, ಆಮ್ಯಾಲೆ ಹೊರಡತಿದ್ದೆ.”

“ನನಗೆ ಹೇಳಿದ್ರೆ...”

“ಹೇಳಿದ್ರ ನೀ ನಿಮ್ಮ ಆಫೀಸಿನ್ಯಾಗ ಎಲ್ಲಾರ ಕಾಲು ಹಿಡೀತಿದ್ದಿ. ಅದು ಗೊತ್ತಿತ್ತು, ಅದಕ್ಕ ಹೇಳಲಿಲ್ಲ.” ಅವನು ಪೈಪನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. “ಸಮುದ್ರ ಅಂದ್ರ ಈಗೂ ನನಗ ಆ ಕಟ್ಟಿ, ಆ ಡಬ್ಬಿ ಕಣ್ಣಮುಂದ ಬರ್ತದಲೇ. ಒಂದಸಲ ಬ್ಯಾರೆ ಸಮುದ್ರ ನೋಡಬೇಕಾಗಿತ್ತು. ಒಬ್ಬನ ಅಲ್ಲ, ನಿನ್ನ ಜೋಡಿ. ಅದಕ್ಕ ಗಡಬಡಿಸಿ ಬುಕ್ ಮಾಡಿದೆ.”

ಎರಡು ವರ್ಷ ನಾನು ಅವನ ಮೇಲೆ ಇಟ್ಟುಕೊಂಡಿದ್ದ ಮುನಿಸನ್ನು ಎಲ್ಲಿ ಇಳಿಸುವುದೆಂದು ತಿಳಿಯಲಿಲ್ಲ. ಆ ಮಾರ್ಚ್, ಏಪ್ರಿಲ್‌ಗಳಲ್ಲಿ ನಾನು ಒಬ್ಬನೇ ಕಾರು ಓಡಿಸುತ್ತ, ಇವನಿಗೆ ದೊಡ್ಡಸ್ತಿಕೆ ಬಂದಿದೆ ಎಂದುಕೊಳ್ಳುತ್ತಿದ್ದೆ. ಅದೇ ಹೊತ್ತಿಗೆ ಅವನು ಇನ್ನೊಂದು ದಿಕ್ಕಿನಲ್ಲಿ ಅಷ್ಟೇ ದೂರ ಹೋಗುತ್ತಿದ್ದ. ಕೊನೆಗೆ ನಾನು ಹೋಗಿ ನಲ್ಲಿ ನಿಲ್ಲಿಸಿದೆ. ಹಿಂದಿರುಗಿ ಬಂದು, ಜೇಬಿನಲ್ಲಿ ಮುದುಡಿದ್ದ ಎರಡೂ ಕಾಗದ ಅವನ ಕೈಗೆ ಕೊಟ್ಟು ಸಿ, ಎಫ್, ಯು ತೋರಿಸಿದೆ.

ಅವನು ಕನ್ನಡಕ ಹಣೆಗೇರಿಸಿ ಓದಿದ. ಮತ್ತೆ ಓದಿದ. “ಅಂದ್ರ?”

“ಎರಡೂ ಒಂದೇ ದ್ವೀಪ.”

“ಅಂದ್ರ ನಾವು ಜಗಳ ಆಡಿದ್ದು...”

“ಹೂಂ.”

“ಎರಡು ರೂಮು ನಂದು, ಎರಡು ನಿಂದು. ನಾಕು ಮಂದಿಗೆ ನಾಕು ರೂಮೇನಲೇ?” ಎಂದವನೇ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟ. ಅವನು ನಗುವಾಗ ಸದ್ದು ಬರುವುದಿಲ್ಲ, ಭುಜಗಳು ಮಾತ್ರ ಅಲುಗುತ್ತವೆ. ಎಷ್ಟು ಹೊತ್ತಾದರೂ ಅಲುಗುವುದು ನಿಲ್ಲದಿದ್ದಾಗ ನಾನೂ ಪಕ್ಕದಲ್ಲಿ ಕೂತೆ. ಪ್ಯಾಂಟು ನೆಂದದ್ದು ಗೊತ್ತಾದದ್ದು ಒಳಗಿನಿಂದ ವಿಮಲಾ, “ಇಬ್ಬರೂ ಹಂಗ ಕೂತ್ರ ಶೀತ ಆಗ್ತದ್ರೀ, ಒಳಗ ಬರ್ರಿ” ಎಂದು ಕೂಗಿದಾಗ. ಬನ್ನುಗಳಲ್ಲಿ ಮೊಟ್ಟೆ ಇರಬಹುದೆಂಬ ಅನುಮಾನ ಹೇಳಿದ್ದಕ್ಕೆ ಅವರು ಮುಟ್ಟಲಿಲ್ಲ. ಗುರುನಾಥ ಮೂರು ತಿಂದ.

ಯಾವ ಎರಡು ಕೋಣೆ ಬಿಡುವುದು ಅನ್ನುವುದನ್ನು ನಾವು ಗಂಡಸರು ತೀರ್ಮಾನಿಸಬಾರದೆಂದು ಹೆಂಗಸರು ಅಲ್ಲೇ ಹೇಳಿದರು. ಅವರು ಗುರುನಾಥ ಹಿಡಿದಿದ್ದ ಮನೆಯನ್ನೇ ಆರಿಸಿದರು, ಅಲ್ಲಿ ಅಡುಗೆಗೆ ಒಲೆ ಇದೆಯೆಂದು. ತೀರ್ಮಾನಕ್ಕೆ ಐದು ನಿಮಿಷ ಹಿಡಿಯಿತು. ಕೋಷ್ಟಕ ನೋಡಬೇಕೆಂದು ಯಾರಿಗೂ ಅನಿಸಲಿಲ್ಲ.

ನಮ್ಮ ನಾಲ್ವರದೂ ಇನ್ನೂ ಇಂಡಿಯಾದ ಪಾಸ್‌ಪೋರ್ಟು. ಹಾಗಾಗಿ ವೀಸಾ ಬೇಕಿತ್ತು. ಜುಲೈನಲ್ಲಿ ಗುರುನಾಥ, ವಿಮಲಾ ಹ್ಯೂಸ್ಟನ್‌ಗೆ ಬಂದು ನಮ್ಮ ಮನೆಯಲ್ಲಿ ಎರಡು ದಿನ ಇದ್ದರು. ಒಂದು ಬೆಳಿಗ್ಗೆ ನಾಲ್ಕೂ ಜನ ಒಂದೇ ಕಾರಿನಲ್ಲಿ ಗ್ರೀಕ್ ಕಾನ್ಸುಲೇಟಿಗೆ ಹೋದೆವು. ಕಾರು ನನ್ನದು, ಎ.ಸಿ. ಅವನ ಕೈಯಲ್ಲಿ. ಕಿಟಕಿಯ ಹಿಂದೆ ಕನ್ನಡಕವನ್ನು ಸರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ನಮ್ಮ ಫಾರಂಗಳನ್ನು ಒಂದೊಂದೇ ತಿರುವಿ ಹಾಕುತ್ತ ಬಂದವರು ನನ್ನದನ್ನೂ ಗುರುನಾಥನದನ್ನೂ ಅಕ್ಕಪಕ್ಕ ಇಟ್ಟರು. ಜೊತೆಗೆ ಪ್ರಯಾಣ ಮಾಡುವವರು ನಿಮಗೆ ಏನಾಗಬೇಕು ಎಂಬ ಪ್ರಶ್ನೆಗೆ ನಾನು ‘ಫ್ರೆಂಡ್’ ಎಂದು ಬರೆದಿದ್ದೆ. ಗುರುನಾಥ ‘ಬ್ರದರ್’ ಎಂದು ಬರೆದಿದ್ದ.

“ಇದರಲ್ಲಿ ಯಾವುದು ಸರಿ?” ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. “ಎರಡೂ ಒಂದೇ ಥರ ಇರಬೇಕು. ತಿದ್ದಿ, ಪಕ್ಕದಲ್ಲಿ ಸಹಿ ಮಾಡಿ ಕೊಡಿ.”

ಗುರುನಾಥನ ಮುಖ ಕೆಂಪಾಗಿತ್ತು. ಅವನನ್ನು ಯಾಕೆ ಮುಜುಗರಕ್ಕೆ ಸಿಕ್ಕಿಸುವುದೆಂದು ನಾನು ನನ್ನ ಫಾರಂ ಎತ್ತಿಕೊಂಡು ಮೂಲೆಯ ಮೇಜಿಗೆ ಹೋದೆ. ಅವನು ಇನ್ನೊಂದು ಮೇಜಿಗೆ ಹೋದದ್ದನ್ನು ನಾನು ನೋಡಲಿಲ್ಲ. ಇಬ್ಬರೂ ಒಟ್ಟಿಗೇ ವಾಪಸು ಬಂದು ಕಿಟಕಿಯೊಳಗೆ ಫಾರಂ ತೂರಿಸಿದೆವು. ಆಕೆ ಕನ್ನಡಕ ಏರಿಸಿ ನೋಡಿದರು. ನಾನು ಫ್ರೆಂಡ್ ಹೊಡೆದುಹಾಕಿ ಬ್ರದರ್ ಎಂದು ಬರೆದಿದ್ದೆ. ಗುರುನಾಥ ಬ್ರದರ್ ಹೊಡೆದುಹಾಕಿ ಫ್ರೆಂಡ್ ಎಂದು ಬರೆದಿದ್ದ.

ಆಕೆ ಕನ್ನಡಕ ತೆಗೆದು ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿದರು. “ಈ ಪ್ರವಾಸದ ಪ್ಲಾನು ಮಾಡಿದ್ದು ನೀವಿಬ್ಬರೇನಾ?” ಎಂದು ಕೇಳಿದರು.

ಹೌದೆಂದು ಹೇಳಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಹಿಂದಿನಿಂದ ಶಾರದಾ ಮತ್ತು ವಿಮಲಾ ಒಟ್ಟಿಗೇ “ಯೆಸ್” ಅಂದರು.

ಆಕೆ ಮತ್ತೆ ತಿದ್ದಲು ಹೇಳಲಿಲ್ಲ. ‘ಅಯ್ಯೋ’ ಅನ್ನುವ ಹಾಗೆ ಕೇಳಿಸಿದ ಏನನ್ನೋ ಗ್ರೀಕಿನಲ್ಲಿ ಗೊಣಗಿ, ಎರಡೂ ಫಾರಂಗಳನ್ನು ಒಂದರ ಮೇಲೊಂದು ಇಟ್ಟು, ಒಂದೇ ಪಿನ್ನು ಹೊಡೆದು ಪಕ್ಕದ ತಟ್ಟೆಗೆ ಹಾಕಿದರು.